ಏಳು ಪ್ಯಾರಾ ಸಾಹೇಬರಿಗೆ ನಾನು ಬರೆದ ಮೂರು ಸಾಲು

ನಾನು ಮೇಲ್ ಬರೆಯುವುದು ತಲೆಕೆಳಗಾಗಿ. ಮೊದಲು ಅಟ್ಯಾಚ್‌ಮೆಂಟ್, ಆಮೇಲೆ ಒಕ್ಕಣೆ, ಆಮೇಲೆ ವಿಷಯದ ಸಾಲು. ಎಲ್ಲ ಮುಗಿದು ಒಂದು ಸಲ ಓದಿ ನೋಡಿದ ಮೇಲಷ್ಟೇ 'ಟು' ಜಾಗದಲ್ಲಿ ಹೆಸರು. ಅಲ್ಲಿಯವರೆಗೆ ಆ ಖಾನೆ ಖಾಲಿ. ಆಕಸ್ಮಾತ್ ಸೆಂಡ್ ಒತ್ತಿದರೂ ಮೇಲ್ ಎಲ್ಲಿಗೂ ಹೋಗದು. ಪಕ್ಕದಲ್ಲಿ ಕೂರುವವರು ಇದನ್ನು ಶಿಸ್ತು ಅಂದುಕೊಂಡಿದ್ದಾರೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ಒಳ್ಳೇ ಅಭ್ಯಾಸ, ನಾನೂ ರೂಢಿ ಮಾಡ್ಕೋಬೇಕು" ಅಂದಳು. ಹಾವು ಕಚ್ಚಿಸಿಕೊಂಡವನು ಹಗ್ಗ ಕಂಡು ಹಾರಿದರೆ ಅದನ್ನು ವ್ಯಾಯಾಮ ಅಂದುಕೊಂಡ ಹಾಗೆ.

ನನಗೆ ಹಾವು ಕಚ್ಚಿದ್ದು ಒಂಬತ್ತು ವರ್ಷದ ಹಿಂದೆ. ಆಗ ನಮಗೊಬ್ಬ ಮ್ಯಾನೇಜರ್ ಇದ್ದರು. ಮನುಷ್ಯ ಒಳ್ಳೆಯವರು, ಮೇಲ್ ಮಾತ್ರ ಉದ್ದ. ಏನೇ ಹೇಳುವುದಿದ್ದರೂ ಏಳು ಪ್ಯಾರಾ. ಮೊದಲನೆಯದರಲ್ಲಿ ಹಿನ್ನೆಲೆ, ಎರಡನೆಯದರಲ್ಲಿ ಆ ಹಿನ್ನೆಲೆಗೂ ಒಂದು ಹಿನ್ನೆಲೆ, ಮೂರರಲ್ಲಿ ಯಾರು ಯಾವಾಗ ಏನಂದರು, ನಾಲ್ಕರಲ್ಲಿ ಅವರು ಹಾಗಂದಿದ್ದು ಯಾಕಿರಬಹುದು, ಹೀಗೆ ಸಾಗಿ ಏಳನೆಯದರ ಕೊನೆಯ ಸಾಲಿನಲ್ಲಿ ನಾವು ಮಾಡಬೇಕಾದ ಕೆಲಸ. ನಾವೆಲ್ಲ ಕೊನೆಯಿಂದ ಮೇಲಕ್ಕೆ ಓದುವುದನ್ನು ಕಲಿತಿದ್ದೆವು. ಬೆನ್ನ ಹಿಂದೆ ಅವರಿಗೆ ಏಳು ಪ್ಯಾರಾ ಸಾಹೇಬರು ಅಂತಲೇ ಹೆಸರು. ಆ ಹೆಸರಿಟ್ಟವನು ನಾನೇ ಅನ್ನುವುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ಮಧ್ಯಾಹ್ನ ನಾಲ್ಕು ಗಂಟೆಯ ಮೀಟಿಂಗನ್ನು ನಾಲ್ಕೂವರೆಗೆ ಹಾಕಿದ್ದೇನೆ ಎಂದು ಅವರಿಂದ ಮೇಲ್ ಬಂತು. ಎಣಿಸಿ ನೋಡಿದೆ, ಏಳೇ ಪ್ಯಾರಾ. ಅದನ್ನು ಎದುರು ಸಾಲಿನಲ್ಲಿ ಕೂರುವ ಗೆಳೆಯನಿಗೆ ಫಾರ್ವರ್ಡ್ ಮಾಡುತ್ತ ಮೇಲುಗಡೆ ಬರೆದೆ: "ಮೀಟಿಂಗ್ ಅರ್ಧ ಗಂಟೆ ಮುಂದಕ್ಕೆ ಹೋಗಿದೆ ಅನ್ನೋಕೆ ಏಳು ಪ್ಯಾರಾ. ಇದನ್ನ ಓದಿ ಮುಗಿಸೋ ಹೊತ್ತಿಗೆ ಮೀಟಿಂಗೇ ಮುಗಿದಿರುತ್ತೆ. ಈ ಮನುಷ್ಯನಿಗೆ ಪೂರ್ಣವಿರಾಮ ಕೀಬೋರ್ಡಲ್ಲಿ ಎಲ್ಲಿದೆ ಅಂತ ಯಾರಾದ್ರೂ ತೋರಿಸ್ರಪ್ಪಾ." ಕಳಿಸಿ, ನಗು ಬರುವುದನ್ನು ಕಾಯುತ್ತ ಕೂತೆ. ಬರಲಿಲ್ಲ. ಪಾರ್ಟಿಶನ್ ಮೇಲಿಂದ ತಲೆ ಎತ್ತಿ "ಬಂತಾ?" ಅಂದೆ. "ಏನು?" ಅಂದ. "ಮೇಲು." "ಯಾವ ಮೇಲು?"

ಆ 'ಯಾವ ಮೇಲು' ಅನ್ನುವ ಎರಡು ಪದ ಕಿವಿಗೆ ಬಿದ್ದ ಕ್ಷಣ ಮೈಯಲ್ಲಿ ಏನಾಯಿತು ಅನ್ನುವುದನ್ನು ಇಂಥ ತಪ್ಪು ಮಾಡಿದವರಿಗೆ ವಿವರಿಸಬೇಕಿಲ್ಲ, ಮಾಡದವರಿಗೆ ವಿವರಿಸಿ ಉಪಯೋಗವಿಲ್ಲ. ಸೆಂಟ್ ಫೋಲ್ಡರ್ ತೆರೆದೆ. ಫಾರ್ವರ್ಡ್ ಅಲ್ಲ, ರಿಪ್ಲೈ. ಸಾಹೇಬರ ಕೋಣೆಗೆ ಗಾಜಿನ ಗೋಡೆ. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಪರದೆಗೆ ಮುಖ ಹತ್ತಿರ ಮಾಡಿ ಓದುತ್ತಿದ್ದರು. ಅವರಿಗೆ ತುಟಿ ಅಲ್ಲಾಡಿಸುತ್ತ ಓದುವ ರೂಢಿ. ಇಪ್ಪತ್ತಡಿ ದೂರದಿಂದ, ಗಾಜಿನಾಚೆ, ನಾನು ಬರೆದದ್ದನ್ನೇ ಅವರ ತುಟಿಯ ಮೇಲೆ ನಾನು ಓದಿದೆ. 'ಪೂರ್ಣವಿರಾಮ' ಅನ್ನುವಲ್ಲಿ ತುಟಿ ಮುಚ್ಚಿ ತೆರೆದು ಮತ್ತೆ ಮುಚ್ಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ತುಟಿ ನಿಂತಿತು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ತುಂಬ ಹೊತ್ತು ಒರೆಸಿದರು.

ಬೆರಳಿಗೆ ಗೊತ್ತಿದ್ದ ಹೆಸರು

ಇದಾದ ಮೇಲೆ ವರ್ಷಗಟ್ಟಲೆ ನಾನು ಇಂಥ ಕಥೆಗಳನ್ನು ಕೂಡಿಡುತ್ತ ಬಂದೆ. ತಾನು ಜಾರಿದ ಜಾಗದಲ್ಲಿ ಇನ್ನೂ ಎಷ್ಟು ಜನ ಜಾರಿದ್ದಾರೆ ಅಂತ ಲೆಕ್ಕ ಹಾಕುವುದರಲ್ಲೂ ಒಂದು ಸಮಾಧಾನ ಇದೆ.

ರಿಪ್ಲೈ ಗುಂಡಿಯೂ ಫಾರ್ವರ್ಡ್ ಗುಂಡಿಯೂ ಒಂದರ ಪಕ್ಕ ಒಂದು ಇರುವುದೇ ಇದಕ್ಕೆಲ್ಲ ಕಾರಣ ಅಂತ ಬಹಳ ದಿನ ನಂಬಿದ್ದೆ. ಅಷ್ಟೇ ಅಲ್ಲವೆಂದು ಈಗ ಅನ್ನಿಸುತ್ತದೆ. ಡೊನಾಲ್ಡ್ ನಾರ್ಮನ್ ಎಂಬ ಮನಃಶಾಸ್ತ್ರಜ್ಞ 1981ರಲ್ಲಿ ಈ ಥರದ ಕೈತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಒಂದು ಪ್ರಬಂಧ ಬರೆದರು. ತಿಳಿಯದೆ ಮಾಡುವ ತಪ್ಪು ಬೇರೆ, ಮಾಡಬೇಕಾದದ್ದು ಸರಿಯಾಗಿ ಗೊತ್ತಿದ್ದೂ ಕೈ ಬೇರೆಡೆ ಹೋಗುವುದು ಬೇರೆ ಅನ್ನುವುದು ಅವರ ವಾದ. ತಲೆಯಲ್ಲಿ ಓಡುತ್ತಿರುವ ಯೋಚನೆಯೇ ಎದ್ದು ಬಂದು ಕೈಯನ್ನು ಎಳೆದುಕೊಂಡು ಹೋಗುವುದೂ ಅದರಲ್ಲೊಂದು ಬಗೆ. ಫೋನ್ ರಿಂಗಾದಾಗ ಎತ್ತಿಕೊಂಡು "ಒಳಗೆ ಬನ್ನಿ" ಅನ್ನುವ ಹಾಗೆ. ನನ್ನದೂ ಹಾಗೇ. ಆ ಮೂರು ಸಾಲು ಬರೆಯುವಾಗ ನನ್ನ ತಲೆ ತುಂಬ ಇದ್ದದ್ದು ಗೆಳೆಯನಲ್ಲ, ಸಾಹೇಬರು. ಮನಸ್ಸು ಯಾರ ಜತೆ ಮಾತಾಡುತ್ತಿತ್ತೋ ಬೆರಳು ಅವರಿಗೇ ಕಳಿಸಿತು. ಯಾರ ಬಗ್ಗೆ ಬರೆಯುತ್ತೇವೋ ಅವರ ಹೆಸರನ್ನೇ ಟು ಖಾನೆಯಲ್ಲಿ ತುಂಬುವ ಮಂದಿ ಎಷ್ಟಿದ್ದಾರೆ ಅಂತ ವಿಚಾರಿಸಿ ನೋಡಿ. ನನಗೆ ಸಿಕ್ಕ ಕಥೆಗಳಲ್ಲಿ ಅರ್ಧ ಅಂಥವೇ. ಹೊಸ ಕೆಲಸ ಸಿಕ್ಕಿದ ಸುದ್ದಿಯನ್ನು ಮನೆಯವರಿಗೆ ಬರೆಯಲು ಹೋಗಿ ಹಳೆಯ ಕೆಲಸದ ಬಾಸ್‌ಗೆ ಕಳಿಸಿದವನೊಬ್ಬ ಸಿಕ್ಕಿದ್ದ. ಬಾಸ್ ಉತ್ತರ: "ಅಭಿನಂದನೆಗಳು. ನನಗೂ ಹೇಳಬೇಕು ಅಂತ ಇತ್ತಲ್ಲವಾ?"

ಬೆರಳು ಮಾಡುವ ತಪ್ಪಿಗೆ ಯಂತ್ರವೂ ಕೈ ಜೋಡಿಸುತ್ತದೆ. ಎರಡಕ್ಷರ ಒತ್ತುವಷ್ಟರಲ್ಲಿ ಹೆಸರನ್ನು ತಾನೇ ತುಂಬಿಕೊಡುವ ಸೌಲಭ್ಯ ಇದೆಯಲ್ಲ, ಅತಿವಿನಯದ ಸಹಾಯಕನ ಹಾಗೆ ಅದು ನಾವು ಬಾಯಿ ತೆರೆಯುವ ಮೊದಲೇ ಮಾತು ಪೂರ್ತಿ ಮಾಡುತ್ತದೆ, ಅರ್ಧ ಸಲ ತಪ್ಪಾಗಿ. 2014ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಜಿ20 ಶೃಂಗಸಭೆ ಇತ್ತು. ಅದಕ್ಕೆ ಸ್ವಲ್ಪ ಮೊದಲು ಆಸ್ಟ್ರೇಲಿಯಾದ ವಲಸೆ ಇಲಾಖೆಯ ನೌಕರರೊಬ್ಬರು ಸಭೆಗೆ ಬರುವ ದೇಶನಾಯಕರ ಪಾಸ್‌ಪೋರ್ಟ್ ಸಂಖ್ಯೆ, ವೀಸಾ ವಿವರ, ಹುಟ್ಟಿದ ದಿನಾಂಕ ಎಲ್ಲ ಇದ್ದ ಮೇಲನ್ನು ಕಳಿಸಿದ್ದು ಏಷ್ಯನ್ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಸಂಘಟಕರೊಬ್ಬರಿಗೆ. ತಾನಾಗಿ ತುಂಬಿಕೊಂಡ ಹೆಸರನ್ನು ಪರೀಕ್ಷಿಸಿ ನೋಡಲಿಲ್ಲ, ಅಷ್ಟೇ. ಒಬಾಮಾ, ಪುಟಿನ್, ಮೋದಿ ಎಲ್ಲರ ವಿವರವೂ ಅದರಲ್ಲಿತ್ತು. ಮೇಲ್ ತೆರೆದಾಗ ಆ ಫುಟ್‌ಬಾಲ್ ಸಂಘಟಕರ ಮುಖ ಹೇಗಿದ್ದಿರಬಹುದು ಅಂತ ಯೋಚಿಸಿದಾಗಲೆಲ್ಲ ನನ್ನ ಪ್ರಕರಣ ಸ್ವಲ್ಪ ಹಗುರಾಗುತ್ತದೆ.

ಒಂದೇ ಅಕ್ಷರ ಬಿಟ್ಟು ಹೋದದ್ದರ ಕಥೆಯೂ ಇದೆ. ಅಮೆರಿಕದ ಸೇನೆಯ ವಿಳಾಸಗಳು ಮುಗಿಯುವುದು 'ಎಂಐಎಲ್' ಎಂದು. ನಡುವಿನ 'ಐ' ಬಿಟ್ಟುಬಿಟ್ಟರೆ ಅದು ಆಫ್ರಿಕಾದ ಮಾಲಿ ದೇಶದ ವಿಳಾಸ. ಹೀಗೆ ಬರೀ ಬೆರಳಚ್ಚಿನ ತಪ್ಪಿನಿಂದ ವರ್ಷಗಳ ಕಾಲ ಲಕ್ಷಾಂತರ ಮೇಲ್‌ಗಳು ಮಾಲಿಯ ದಿಕ್ಕಿಗೆ ಹೋಗಿದ್ದವೆಂದು 2023ರ ಜುಲೈನಲ್ಲಿ ಸುದ್ದಿಯಾಯಿತು. ಒಂದು ದೇಶದ ಸೇನೆ ಎಡವಿದ ಕಡೆ ನಾನು ಎಡವಬಾರದೇ?

ವಿಷ: ಮಾಸಿಕ ಸಭೆ

ವಿಳಾಸ ಸರಿಯಿದ್ದೂ ಮಾನ ಹೋಗುವುದು ಇನ್ನೊಂದು ಬಗೆ. ಇದರಲ್ಲಿ ಕನ್ನಡದಲ್ಲಿ ಮೇಲ್ ಬರೆಯುವವರಿಗೆ ಸಿಗುವ ಮಜಾ ಬೇರೆ ಯಾರಿಗೂ ಸಿಗದು. 'ವಿಷಯ' ಅನ್ನುವ ಪದದಿಂದ ಒಂದು 'ಯ' ಜಾರಿದರೆ ಏನಾಗುತ್ತದೆ ನೋಡಿ. "ವಿಷ: ಮಾಸಿಕ ಸಭೆ" ಎಂದು ನಮಗೆಲ್ಲ ಒಂದು ಬೆಳಿಗ್ಗೆ ಮೇಲ್ ಬಂತು. ಕಳಿಸಿದವರು ತಪ್ಪಿಗೆ ಕ್ಷಮೆ ಕೇಳಲಿಲ್ಲ, ಯಾರೂ ತಿದ್ದುಪಡಿಯನ್ನು ಅಪೇಕ್ಷಿಸಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ ಅಂತ ಎಲ್ಲರೂ ಒಪ್ಪಿಕೊಂಡೆವು.

ಇನ್ನೊಬ್ಬರು ಮಾತಾಡುವಾಗಲೂ ಬರೆಯುವಾಗಲೂ 'ಹ'ಕಾರವನ್ನು ನುಂಗುವವರು. ಸಹೋದ್ಯೋಗಿಯೊಬ್ಬರ ಬಡ್ತಿಗೆ 'ಹಾರ್ದಿಕ'ವನ್ನು 'ಆರ್ದಿಕ' ಎಂದು ಒತ್ತಿದ್ದಾರೆ. ಅವರ ಕೀಬೋರ್ಡಿಗೆ ಆ ಪದ ಗೊತ್ತಿಲ್ಲ, ತನಗೆ ಗೊತ್ತಿದ್ದ ಹತ್ತಿರದ ಪದಕ್ಕೆ ತಿದ್ದಿದೆ. ಇಡೀ ವಿಭಾಗದ ಪರವಾಗಿ "ಆರ್ಥಿಕ ಅಭಿನಂದನೆಗಳು" ಹೋದವು. ಬಡ್ತಿ ಸಿಕ್ಕವರು, ಸಂಬಳ ಮಾತ್ರ ಮೊದಲಿನಷ್ಟೇ ಇದ್ದವರು, ಎಲ್ಲರಿಗೂ ಕಾಣುವ ಹಾಗೆ ಉತ್ತರಿಸಿದರು: "ಧನ್ಯವಾದ. ಹಾರ್ದಿಕವಾಗಿ ಬೇಡ, ಆರ್ಥಿಕವಾಗಿಯೇ ಬರಲಿ. ಖಾತೆ ನಂಬರ್ ಕಳಿಸಲೇ?" ಅದು ಮೇಲಿನವರ ಕಣ್ಣಿಗೆ ಬಿದ್ದು ಏನಾದರೂ ಫಲ ಕೊಟ್ಟಿತೆ ಅಂತ ಕೇಳಬೇಡಿ. ಕೊಡಲಿಲ್ಲ.

ಒಂದೇ ಒಕ್ಕಣೆಯನ್ನು ನೂರು ಜನಕ್ಕೆ ಹೆಸರು ಬದಲಿಸಿ ಕಳಿಸುವ ಏರ್ಪಾಡು ಕೈಕೊಟ್ಟಾಗ "ಮಾನ್ಯ ಹೆಸರು ಅವರೇ" ಎಂದು ಎಲ್ಲರಿಗೂ ಹೋಗುವುದು ನಿಮಗೂ ಗೊತ್ತು. ನಮ್ಮಲ್ಲಿ ಅದಕ್ಕೆ ಒಬ್ಬರು ಪೂರ್ತಿ ಗಂಭೀರವಾದ ಉತ್ತರ ಬರೆದು ಕೊನೆಗೆ "ಇಂತಿ ನಿಮ್ಮ, ಹೆಸರು" ಎಂದು ಸಹಿ ಹಾಕಿದ್ದರು. ಇನ್ನು "ಲಗತ್ತಿಸಿದೆ" ಅಂದು ಏನನ್ನೂ ಲಗತ್ತಿಸದಿರುವುದು, ನೆನಪಿಸಿದಾಗ "ಕ್ಷಮಿಸಿ, ಈಗ ಲಗತ್ತಿಸಿದೆ" ಅಂದು ಮತ್ತೆ ಬರಿಗೈಯಲ್ಲೇ ಕಳಿಸುವುದು, ಇವನ್ನು ನಾನು ತಪ್ಪಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವು ಸೀನು, ಆಕಳಿಕೆ ಇದ್ದ ಹಾಗೆ.

ಎಲ್ಲರಿಗೂ, ಎಲ್ಲರಿಂದ

ರಿಪ್ಲೈ ಆಲ್ ಬಗ್ಗೆ ಬರೆಯದೆ ಬಿಟ್ಟರೆ ಓದುವವರು ಬಿಡುವುದಿಲ್ಲ. ಅದಕ್ಕೆ ಒಂದು ನಿಯತವಾದ ಚಾಲು ಇದೆ. ಯಾರೋ ಒಬ್ಬರು ದೊಡ್ಡ ಪಟ್ಟಿಯೊಂದಕ್ಕೆ ಏನನ್ನೋ ತಪ್ಪಿ ಕಳಿಸುತ್ತಾರೆ. ಎರಡನೆಯವರು "ಇದು ನನಗಲ್ಲ ಅನ್ನಿಸುತ್ತೆ" ಎಂದು ಎಲ್ಲರಿಗೂ ಉತ್ತರಿಸುತ್ತಾರೆ. ಮೂರನೆಯವರು "ನನ್ನನ್ನೂ ಪಟ್ಟಿಯಿಂದ ತೆಗೆಯಿರಿ". ನಾಲ್ಕನೆಯವರಿಗೆ ರೇಗುತ್ತದೆ: "ದಯವಿಟ್ಟು ಎಲ್ಲರೂ ಎಲ್ಲರಿಗೂ ಉತ್ತರಿಸುವುದನ್ನು ನಿಲ್ಲಿಸಿ." ಇದನ್ನು ಅವರು ಕಳಿಸುವುದೂ ಎಲ್ಲರಿಗೇ. ಗಲಾಟೆ ಮಾಡಬೇಡಿ ಅಂತ ಮೇಜು ಗುದ್ದುವ ಮೇಷ್ಟರ ಹಾಗೆ. ಕೊನೆಗೆ ರಜೆಯ ಮೇಲಿರುವವರ ತಾನಾಗಿ ಹೋಗುವ ಉತ್ತರಗಳು ಶುರುವಾಗುತ್ತವೆ. ಅವರು ಹಾಯಾಗಿ ಎಲ್ಲೋ ಮಲಗಿದ್ದಾರೆ, ಅವರ ಮೇಲ್‌ಬಾಕ್ಸ್ ಮಾತ್ರ ಜಗಳಕ್ಕೆ ನಿಂತಿದೆ.

ಇದರ ಮೂಲಪುರುಷ ಎನ್ನಬಹುದಾದ ಪ್ರಕರಣ ನಡೆದದ್ದು ಮೇಲ್ ತಂತ್ರಾಂಶ ಮಾಡುವವರ ಮನೆಯಲ್ಲೇ. 1997ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನಲ್ಲಿ 'ಬೆಡ್ಲಮ್ ಡಿಎಲ್3' ಎಂಬ ಪಟ್ಟಿಯಲ್ಲಿ ತನ್ನ ಹೆಸರಿರುವುದನ್ನು ಕಂಡ ಒಬ್ಬ ನೌಕರರು, ನನ್ನನ್ನು ತೆಗೆಯಿರಿ ಎಂದು ಪಟ್ಟಿಗೇ ಬರೆದರು. ಪಟ್ಟಿಯಲ್ಲಿದ್ದವರು ಸುಮಾರು 13,000 ಮಂದಿ. "ನನ್ನನ್ನೂ", "ನನ್ನನ್ನೂ" ಎಂದು ಉಳಿದವರು ದನಿಗೂಡಿಸಿದರು. ಒಂದು ಗಂಟೆಯ ಹೊತ್ತಿಗೆ ಒಂದೂವರೆ ಕೋಟಿ ಮೇಲ್, 195 ಗಿಗಾಬೈಟ್ ಸಂಚಾರ, ಸರ್ವರ್‌ಗಳು ಮಕಾಡೆ. ಬದುಕಿ ಉಳಿದವರಿಗಾಗಿ ಆಮೇಲೆ ಟೀ ಶರ್ಟನ್ನೂ ಮಾಡಿಸಿದರಂತೆ. 2016ರ ನವೆಂಬರ್ 14ರಂದು ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ಯಾರೋ ಕಳಿಸಿದ ಒಂದು ಪರೀಕ್ಷಾ ಮೇಲ್ ಹೀಗೇ ಸುಮಾರು 8,40,000 ಜನರಿಗೆ ಹೋಗಿ, ಸವಾ ಗಂಟೆಯಲ್ಲಿ 50 ಕೋಟಿ ಮೇಲ್ ಓಡಾಡಿದವೆಂಬ ಅಂದಾಜಿದೆ. ಇದನ್ನೆಲ್ಲ ಕಂಡೇ ಇರಬೇಕು, 2020ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂಬ ತನ್ನ ಮೇಲ್ ವ್ಯವಸ್ಥೆಗೆ ಒಂದು ತಡೆ ಹಾಕಿತು. ಐದು ಸಾವಿರಕ್ಕೂ ಹೆಚ್ಚು ಜನರಿರುವ ಪಟ್ಟಿಗೆ ಒಂದು ಗಂಟೆಯೊಳಗೆ ಹತ್ತು ರಿಪ್ಲೈ ಆಲ್ ಬಿದ್ದರೆ ಮುಂದಿನ ನಾಲ್ಕು ಗಂಟೆ ಆ ಸರಣಿಗೆ ಬೀಗ. 1997ರಿಂದ 2020ಕ್ಕೆ, ಇಪ್ಪತ್ತಮೂರು ವರ್ಷ. ಮನುಷ್ಯರು ತಾವಾಗಿ ಸುಮ್ಮನಾಗುತ್ತಾರೆಂದು ಅಷ್ಟು ಕಾಲ ಕಾದರೋ ಏನೋ.

ಬಿಸಿಸಿಯ ಬಗ್ಗೆಯೂ ಒಂದು ಮಾತು. ಸಿಸಿ ಅನ್ನುವುದು ಟೈಪ್‌ರೈಟರ್ ಕಾಲದ ಕಾರ್ಬನ್ ಕಾಪಿ, ಹಾಳೆಯ ಕೆಳಗೆ ನೀಲಿ ಕಾಗದ ಇಟ್ಟು ತೆಗೆಯುತ್ತಿದ್ದ ಎರಡನೇ ಪ್ರತಿ. ಬಿಸಿಸಿ ಅಂದರೆ ಯಾರಿಗೂ ಕಾಣದ ಪ್ರತಿ. ಹೆಸರಿಗೆ ತಕ್ಕ ಹಾಗೆ ಅದು ಯಾವಾಗಲೂ ಬಿಸಿ. ಮುಟ್ಟುವ ಮೊದಲು ಯೋಚಿಸಬೇಕು. ಯಾಕೆಂದರೆ ಕದ್ದು ಕೇಳಿಸಿಕೊಳ್ಳಲೆಂದು ನೀವು ಬಾಗಿಲ ಹಿಂದೆ ನಿಲ್ಲಿಸಿದವರು ರಿಪ್ಲೈ ಆಲ್ ಒತ್ತಿದರೆ ಬಾಗಿಲು ತೆಗೆದುಕೊಂಡು ತಾವೇ ಹೊರಬರುತ್ತಾರೆ. ನಮ್ಮಲ್ಲಿ ಒಬ್ಬರು ಹಾಗೆ ಬಂದು "ಒಳ್ಳೆಯದಾಯಿತು, ನನಗೂ ಗೊತ್ತಿರಲಿ ಅಂತ ಹಾಕಿದ್ದಕ್ಕೆ ಥ್ಯಾಂಕ್ಸ್" ಅಂದರು. ಬಿಸಿಸಿ ಮಾಡಿದವರು ಆ ದಿನ ಬೇಗ ಮನೆಗೆ ಹೋದರು. ಇದೇ ತಪ್ಪು ತಿರುವುಮುರುವಾದರೆ ನಗುವ ಹಾಗಿಲ್ಲ. ಬಿಸಿಸಿಯಲ್ಲಿ ಹಾಕಬೇಕಾದವರನ್ನು ಟು ಖಾನೆಯಲ್ಲಿ ಹಾಕಿ, 2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಒಂದು ಚಿಕಿತ್ಸಾಲಯ ತನ್ನ ಎಚ್‌ಐವಿ ಸೇವೆಯ ಸುದ್ದಿಪತ್ರವನ್ನು 781 ವಿಳಾಸಗಳಿಗೆ ಕಳಿಸಿತು. ಹೆಚ್ಚಿನವರ ಪೂರ್ತಿ ಹೆಸರುಗಳು ಉಳಿದವರಿಗೆಲ್ಲ ಕಂಡವು. ಆಫೀಸಿನಲ್ಲಿ ಮೇಲ್ ಪ್ರಮಾದಗಳ ಕಥೆ ಹೇಳಿಕೊಂಡು ನಗುವಾಗ ಯಾರಾದರೂ ಇದನ್ನು ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ವಾಪಸ್ ಬಾ ಅಂದರೆ

ಸಾಹೇಬರು ಕನ್ನಡಕ ಒರೆಸುತ್ತಿದ್ದಾಗ ನಾನು ಮಾಡಿದ ಮೊದಲ ಕೆಲಸ, ಕಳಿಸಿದ ಮೇಲನ್ನು ಹಿಂದಕ್ಕೆ ಕರೆಯುವ ರಿಕಾಲ್ ಒತ್ತಿದ್ದು. ಆಗ ನನಗೆ ಅದರ ಮೇಲೆ ಭಾರೀ ನಂಬಿಕೆ. ಹಾರಿಹೋದ ಗಿಳಿಯನ್ನು ಹೆಸರು ಹಿಡಿದು ಕರೆದರೆ ಬಂದೀತು ಅನ್ನುವ ಥರದ ನಂಬಿಕೆ. ಆ ಕಾಲದ ಔಟ್‌ಲುಕ್‌ನಲ್ಲಿ ರಿಕಾಲ್ ಫಲಿಸುತ್ತಿದ್ದುದು ಎದುರಿನವರು ಅದೇ ಸಂಸ್ಥೆಯವರಾಗಿದ್ದು, ಮೇಲನ್ನು ಇನ್ನೂ ತೆರೆದಿರದಿದ್ದರೆ ಮಾತ್ರ. ತೆರೆದಿದ್ದರೆ ಹಳೆಯ ಮೇಲ್ ಅಲ್ಲೇ ಇರುತ್ತದೆ, ಜತೆಗೆ ಇನ್ನೊಂದು ಹೋಗುತ್ತದೆ: ಇಂಥವರು ಇಂಥ ಸಂದೇಶವನ್ನು ಹಿಂದಕ್ಕೆ ಪಡೆಯಲು ಬಯಸುತ್ತಾರೆ ಎಂದು. ಅಂದರೆ ನಾನು ಬೈದದ್ದು ಒಂದು ಮೇಲ್, ಬೈದದ್ದನ್ನು ಮುಚ್ಚಿಡಲು ನೋಡಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಇನ್ನೊಂದು. ಗಾಜಿನಾಚೆ ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು, ಪರದೆ ನೋಡಿದರು, ಹುಬ್ಬು ಮೇಲೇರಿತು.

ಮೇಲ್ ಯಾಕೆ ವಾಪಸ್ ಬಾರದು ಅನ್ನುವುದನ್ನು ನಾನು ಆಮೇಲೆ ಓದಿ ತಿಳಿದೆ. ಮೇಲ್ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ನಿಯಮಾವಳಿ 1982ರಲ್ಲಿ ಬರವಣಿಗೆಗೆ ಇಳಿದದ್ದು, ಮೂಲ ರೀತಿ ಇವತ್ತಿಗೂ ಅದೇ. ನಿಮ್ಮ ಸರ್ವರ್ ಹೋಗಿ ಆಚೆಯ ಸರ್ವರ್‌ನ ಕದ ತಟ್ಟುತ್ತದೆ, ಯಾರಿಂದ ಯಾರಿಗೆ ಎಂದು ಹೇಳುತ್ತದೆ, ಒಕ್ಕಣೆ ಒಪ್ಪಿಸುತ್ತದೆ. ಆಚೆಯದು '250' ಅನ್ನುತ್ತದೆ, ಸರಿ, ಸ್ವೀಕರಿಸಿದೆ ಎಂದರ್ಥ. ಅಲ್ಲಿಂದಾಚೆ ಅದು ಅವರ ಸೊತ್ತು. 'ದಯವಿಟ್ಟು ಹಿಂದಿರುಗಿಸಿ' ಅನ್ನುವುದಕ್ಕೆ ಆ ಸಂಭಾಷಣೆಯಲ್ಲಿ ಮಾತೇ ಇಲ್ಲ. ಜಿಮೇಲ್‌ನ 'ಅನ್‌ಡೂ ಸೆಂಡ್' ಇದೆಯಲ್ಲ, 2009ರಲ್ಲಿ ಪ್ರಯೋಗವಾಗಿ ಬಂದು 2015ರಲ್ಲಿ ಕಾಯಂ ಆದದ್ದು, ಅದು ಕಳಿಸಿದ್ದನ್ನು ವಾಪಸ್ ತರುವುದಿಲ್ಲ. ಕಳಿಸಿದೆ ಅಂತ ನಿಮಗೆ ಹೇಳಿ ಐದರಿಂದ ಮೂವತ್ತು ಸೆಕೆಂಡು ಕೈಯಲ್ಲೇ ಇಟ್ಟುಕೊಂಡು ಸುಮ್ಮನೆ ನಿಂತಿರುತ್ತದೆ. ಸಿಟ್ಟಿನಲ್ಲಿ ಬರೆದ ಕಾಗದವನ್ನು ಅಂಚೆಗೆ ಹಾಕದೆ ಜೇಬಲ್ಲಿಟ್ಟುಕೊಂಡು 'ಹಾಕಿದೆ' ಅನ್ನುವ ಹಿತೈಷಿಯ ಹಾಗೆ. ನನಗೆ ಈ ಸೌಲಭ್ಯ ತುಂಬ ಇಷ್ಟ. ಆದರೆ ಆಫೀಸಿನ ಮೇಲ್‌ನಲ್ಲಿ ಅದು ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮೇಲ್‌ಗೆ ಈ ಗಾದೆ ಹೊಂದುವುದಿಲ್ಲ. ಆಡಿದ ಮಾತಾದರೂ ಹೋಗುತ್ತದೆ, ಇದು ಹೋಗುವುದೇ ಇಲ್ಲವಲ್ಲ. 1971ರಲ್ಲಿ ರೇ ಟಾಮ್‌ಲಿನ್ಸನ್ ಎಂಬ ಎಂಜಿನಿಯರ್ ಅಕ್ಕಪಕ್ಕದಲ್ಲಿದ್ದ ಎರಡು ಯಂತ್ರಗಳ ನಡುವೆ ಜಾಲದ ಮೂಲಕ ಮೊದಲ ಮೇಲ್ ಕಳಿಸಿದರು, ತನಗೆ ತಾನೇ. ಅದರಲ್ಲಿ ಏನು ಬರೆದಿದ್ದೆ ಅಂತ ಅವರಿಗೇ ಮರೆತುಹೋಗಿತ್ತು. ಪುಣ್ಯವಂತರು. ನನ್ನ ಮೂರು ಸಾಲು ಇವತ್ತಿಗೂ ಅಕ್ಷರ ಸಮೇತ ಎಲ್ಲೋ ಒಂದು ಸರ್ವರ್‌ನಲ್ಲಿ ಇದೆ, ಗಂಟೆ, ನಿಮಿಷದ ಸಹಿತ.

ಅರ್ಧ ಗಂಟೆ ಬಿಟ್ಟು ನಾನೇ ಅವರ ಕೋಣೆಗೆ ಹೋದೆ. ಹೋಗುವಾಗ ನಿಜವನ್ನೇ ಹೇಳುವುದು ಅಂತ ನಿಶ್ಚಯ ಮಾಡಿಕೊಂಡಿದ್ದೆ. ಬಾಗಿಲು ತೆಗೆದದ್ದೇ ಬಾಯಿ ಬೇರೆಯದನ್ನು ಆಡಿತು.

"ಸರ್, ಆ ಮೇಲ್ ನಿಮ್ಮ ಬಗ್ಗೆ ಅಲ್ಲ ಸರ್."

"ಕೂತ್ಕೊಳ್ಳಿ."

"ಬೇರೆ ಒಬ್ಬ ವೆಂಡರ್ ಬಗ್ಗೆ ಬರೆದದ್ದು. ತಪ್ಪಿ ನಿಮ್ಮ ಮೇಲ್‌ಗೆ ಸೇರ್ಕೊಂಡ್ಬಿಡ್ತು."

ಅವರು ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿ ನಿಲ್ಲಿಸಿದರು. "ಓಹೋ. ಅವರ ಮೀಟಿಂಗೂ ಅರ್ಧ ಗಂಟೆ ಮುಂದಕ್ಕೆ ಹೋಗಿತ್ತಾ?"

"ಹೌದು ಸರ್."

"ಅವರೂ ಏಳು ಪ್ಯಾರಾ ಬರೆದಿದ್ರು."

"ಹೌದು ಸರ್."

"ಸರಿ," ಅಂದರು. ಮೀಟಿಂಗ್ ನಾಲ್ಕೂವರೆಗೆ ಸರಿಯಾಗಿ ಶುರುವಾಯಿತು. ಅವರು ಎಂದಿನಂತೆಯೇ ಇದ್ದರು. ನಾನು ಹಾಳೆಯ ಮೇಲೆ ಒಂದೇ ಪದವನ್ನು ನಲವತ್ತು ನಿಮಿಷ ಗೀಚಿದೆ.

ಕಾಲಂ 14

ಮರುದಿನ ಸಾಹೇಬರಿಂದ ಬಂದ ಮೇಲ್ ಒಂದೇ ಸಾಲಿನದು. ಅದರ ಮರುದಿನವೂ. ವಾರದೊಳಗೆ ಆಫೀಸಿನಲ್ಲಿ ಗುಸುಗುಸು. ಸಾಹೇಬರು ಯಾವುದೋ ತರಬೇತಿಗೆ ಹೋಗಿ ಬಂದಿರಬೇಕು, ಡಾಕ್ಟರು ಹೆಚ್ಚು ಟೈಪ್ ಮಾಡಬೇಡಿ ಅಂದಿರಬೇಕು ಎಂದು ಜನ ಕಾರಣ ಹುಡುಕಿದರು. ಎಲ್ಲರಿಗೂ ಖುಷಿ. ನನ್ನ ಗೆಳೆಯ ಮಾತ್ರ ಪಾರ್ಟಿಶನ್ ಮೇಲಿಂದ ನನ್ನನ್ನು ನೋಡಿ "ಸಮಾಜಸೇವೆ ಮಾಡಿದೆ ಬಿಡು" ಅಂದ. ನಾನೂ ನಕ್ಕೆ. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನುವುದನ್ನು ಮುಚ್ಚಿಡಲಾರೆ.

ಆಗ ನಾವು ಹಳೆಯ ತಂತ್ರಾಂಶದಲ್ಲಿದ್ದ ಲಕ್ಷಗಟ್ಟಲೆ ದಾಖಲೆಗಳನ್ನು ಹೊಸದಕ್ಕೆ ಸಾಗಿಸುತ್ತಿದ್ದೆವು. ಒಂದು ದಿನ ಸಾಹೇಬರ ಮೇಲ್: "ಕಾಲಂ 14 ಖಾಲಿ ಬಿಡಿ." ಅಷ್ಟೇ. ಯಾಕೆ ಅಂತ ಇಲ್ಲ. ಮೊದಲಾಗಿದ್ದರೆ ಐದನೇ ಪ್ಯಾರಾದಲ್ಲಿ ಖಂಡಿತ ಇರುತ್ತಿತ್ತು: ಆ ಕಾಲಂ ಯಾವ ಕಾಲದಲ್ಲಿ ಯಾರು ಸೇರಿಸಿದ್ದು, ಅದರಲ್ಲಿ ಸೊನ್ನೆ ಇದ್ದರೆ ಹಳೆಯ ಯಂತ್ರ ಏನಂತ ತಿಳಿಯುತ್ತಿತ್ತು ಎಲ್ಲ. ನಮ್ಮ ತಂಡದ ಹುಡುಗನೊಬ್ಬನಿಗೆ ಖಾಲಿ ಖಾನೆ ಕಂಡರಾಗದು. ಖಾಲಿಯೂ ಒಂದೇ, ಸೊನ್ನೆಯೂ ಒಂದೇ ಅಂದುಕೊಂಡು ಅಚ್ಚುಕಟ್ಟಾಗಿ ಎಲ್ಲದಕ್ಕೂ ಸೊನ್ನೆ ತುಂಬಿದ. ಕಾಲಂ 14ರಲ್ಲಿ ಸೊನ್ನೆ ಅಂದರೆ ಖಾತೆ ಮುಚ್ಚಿದೆ ಎಂದರ್ಥ. ಬೆಳಗಾಗುವಷ್ಟರಲ್ಲಿ ಹೊಸ ತಂತ್ರಾಂಶ ಎಲ್ಲರ ಖಾತೆಯನ್ನೂ ಮುಚ್ಚಿತ್ತು. ಸರಿಪಡಿಸಲು ಎರಡು ರಾತ್ರಿ, ಮೂರು ಹಗಲು. ಹುಡುಗ ಬೈಸಿಕೊಂಡ. "ಸರ್, ಯಾಕೆ ಖಾಲಿ ಬಿಡಬೇಕು ಅಂತ ನೀವು ಬರೆದಿರಲಿಲ್ಲ" ಅಂದ, ಅಳುಮುಖ ಮಾಡಿಕೊಂಡು. ಸಾಹೇಬರು ಅವನಿಗೆ ಉತ್ತರ ಕೊಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

2005ರಲ್ಲಿ ಜಸ್ಟಿನ್ ಕ್ರೂಗರ್ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗದ ಬಗ್ಗೆ ಓದಿದ್ದೇನೆ. ಮೇಲ್‌ನಲ್ಲಿ ಬರೆದದ್ದು ವ್ಯಂಗ್ಯವೋ ಗಂಭೀರವೋ ಅನ್ನುವುದನ್ನು ಓದುವವರು ನೂರಕ್ಕೆ 78 ಪಾಲು ಸರಿಯಾಗಿ ಹಿಡಿಯುತ್ತಾರೆಂದು ಬರೆದವರು ನಂಬಿದ್ದರು. ನಿಜವಾಗಿ ಹಿಡಿದದ್ದು 56 ಪಾಲು, ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದಲ್ಲ. ಬರೆಯುವಾಗ ನಮ್ಮ ದನಿ ನಮಗೆ ಕೇಳಿಸುತ್ತಿರುತ್ತದೆ, ಓದುವವರಿಗೆ ಆ ದನಿ ಇಲ್ಲ. ನನ್ನ ಮೂರು ಸಾಲು ಬರೆಯುವಾಗ ನನಗೆ ಕೇಳಿಸಿದ್ದು ಕೀಟಲೆಯ ದನಿ, ಅದರಲ್ಲಿ ಸ್ವಲ್ಪ ಪ್ರೀತಿಯೂ ಇತ್ತೆಂದು ಈಗ ಅನ್ನಿಸುತ್ತದೆ. ಗಾಜಿನಾಚೆ ತುಟಿ ಅಲ್ಲಾಡಿಸಿ ಓದಿದವರು ಯಾವ ದನಿಯಲ್ಲಿ ಓದಿಕೊಂಡರೋ. ಅಂದು "ಹೌದು ಸರ್, ನಿಮ್ಮ ಬಗ್ಗೆಯೇ ಬರೆದದ್ದು, ತಮಾಷೆಗೆ" ಅಂದಿದ್ದರೆ ಅವರು ರೇಗುತ್ತಿದ್ದರೋ, ನಗುತ್ತಿದ್ದರೋ, ಏನಿದ್ದರೂ ಮರುದಿನ ಮೂರು ಪ್ಯಾರಾಕ್ಕಾದರೂ ಬಂದು ನಿಲ್ಲುತ್ತಿದ್ದರೇನೋ. ನಾನು ವೆಂಡರ್‌ನನ್ನು ತಂದು ನಡುವೆ ಕೂರಿಸಿದ ಮೇಲೆ ಆ ಮಾತಿಗೆ ಜಾಗವೇ ಉಳಿಯಲಿಲ್ಲ. ತಪ್ಪಿ ಹೋದ ಮೇಲ್‌ಗಾಗಿ ನಾಚಿಕೆ ಒಂದು ವರ್ಷ ಇತ್ತು, ಆಮೇಲೆ ಕಥೆಯಾಯಿತು. ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆದರೆ ಹೇಳುವಾಗಲೆಲ್ಲ ಸಾಹೇಬರು ಕನ್ನಡಕ ಒರೆಸುವಲ್ಲಿಗೆ ನಿಲ್ಲಿಸುತ್ತೇನೆ. ವೆಂಡರ್‌ನ ಭಾಗವನ್ನು ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು.

ಸಾಹೇಬರು ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಹೋದ ವಾರ, ಟು ಖಾನೆಯ ವಿಷಯದಲ್ಲಿ ನನ್ನನ್ನು ಮೆಚ್ಚಿಕೊಂಡ ಆ ಹುಡುಗಿಯೇ, ಹಳೆಯ ದಾಖಲೆಗಳ ಯಾವುದೋ ಗೋಜಲು ಬಿಡಿಸಲು ತಂಡದ ಹಳೆಯ ಮೇಲ್‌ಬಾಕ್ಸ್ ಜಾಲಾಡುತ್ತಿದ್ದಳು. ಮಧ್ಯಾಹ್ನ ನನ್ನ ಹತ್ತಿರ ಬಂದು ಪರದೆ ತೋರಿಸಿದಳು. "ಇವರು ಯಾರು? ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ. ಯಾರು ಏನು ಹೇಳಿದ್ರು, ಯಾಕೆ ಹಾಗೆ ಮಾಡಿದ್ವಿ, ಎಲ್ಲಾ ಇದೆ. ನನ್ನ ಅರ್ಧ ಕೆಲಸ ಇದರಲ್ಲೇ ಮುಗೀತು."

"ನಮ್ಮ ಹಳೇ ಮ್ಯಾನೇಜರು," ಅಂದೆ.

ಅವಳು ಕೆಳಗೆ ಸರಿಸುತ್ತ ಹೋದಳು. ಪ್ಯಾರಾಗಳು ಸರಿದವು. ಒಂದು ಕಡೆ ಬಂದು ನಿಂತಳು. "ಆದ್ರೆ ಇಲ್ಲಿಂದ ಮುಂದೆ ಏನೂ ಇಲ್ಲ, ಬರೀ ಒಂದೊಂದೇ ಸಾಲು. ತಾರೀಕು ನೋಡಿ, ಒಂದೇ ದಿನದಲ್ಲಿ ಬದಲಾಗಿದೆ. ಏನಾಯ್ತು ಇವರಿಗೆ?"

ನಾನು ತಾರೀಕು ನೋಡಲಿಲ್ಲ. "ಗೊತ್ತಿಲ್ಲಮ್ಮ," ಅಂದೆ, "ಆಗ ಅವರಿಗೆ ಕೆಲಸ ಜಾಸ್ತಿಯಾಗಿತ್ತೇನೋ."